ಅಜ್ಜನ ಡೋಲಿಗೆ ಸಂದ ಪ್ರಶಸ್ತಿ

ಅಮೆರಿಕದ ಸಾರ್ವಜನಿಕ ಪ್ರಸಾರ ನಿಗಮವನ್ನು ವಿಸರ್ಜಿಸಲು ಅದರ ಆಡಳಿತ ಮಂಡಳಿಯೇ 2026ರ ಜನವರಿಯಲ್ಲಿ ತೀರ್ಮಾನಿಸಿತು. 1967ರ ಕಾನೂನಿನಂತೆ ಹುಟ್ಟಿದ್ದ ಈ ನಿಗಮವು ಆ ದೇಶದ ಸಾರ್ವಜನಿಕ ರೇಡಿಯೋ ಮತ್ತು ಟಿ.ವಿ. ಕೇಂದ್ರಗಳಿಗೆ ಸರಕಾರದ ಹಣವನ್ನು ಹಂಚುತ್ತಿತ್ತು. 2025ರ ಜುಲೈಯಲ್ಲಿ ಅಲ್ಲಿನ ಸಂಸತ್ತು ಎರಡು ವರ್ಷಗಳಿಗೆಂದು ತೆಗೆದಿಟ್ಟಿದ್ದ ಸುಮಾರು 110 ಕೋಟಿ ಡಾಲರ್ ಅನುದಾನವನ್ನು ಹಿಂದಕ್ಕೆ ಪಡೆದ ಮೇಲೆ ಬಾಗಿಲು ಮುಚ್ಚದೆ ಬೇರೆ ದಾರಿ ಇರಲಿಲ್ಲ. ಅದಕ್ಕೂ ಮೊದಲು, ಮೇ ತಿಂಗಳಲ್ಲಿ, ಬಡ ಮಕ್ಕಳ ಕಲಿಕೆಗೆ ನೆರವಾಗುವ ಟಿ.ವಿ. ಕಾರ್ಯಕ್ರಮಗಳಿಗೆ ಶಿಕ್ಷಣ ಇಲಾಖೆ ಕೊಡುತ್ತಿದ್ದ ‘ರೆಡಿ ಟು ಲರ್ನ್’ ಅನುದಾನವೂ ನಿಂತುಹೋಗಿತ್ತು.

ದೂರದ ದೇಶದ ಈ ಹಣಕಾಸಿನ ಸುದ್ದಿ ನಮಗೇಕೆ ಎಂದು ಓದುಗರು ಕೇಳಬಹುದು. ಆ ಹಣದಿಂದ ತಯಾರಾದ ಮಕ್ಕಳ ಕಾರ್ಟೂನ್ ಧಾರಾವಾಹಿಗಳಲ್ಲಿ ಒಂದು ಕ್ರೈಸ್ತ ಸಭೆಯ ಶಾಲೆಗಳಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ನೋಡಬೇಕಾದಂಥದ್ದು. ಅದರ ಹೆಸರು ‘ಮಾಲಿ ಆಫ್ ಡೆನಾಲಿ’. 2019ರ ಜುಲೈ 15ರಂದು ಪಿಬಿಎಸ್ ಕಿಡ್ಸ್ ವಾಹಿನಿಯಲ್ಲಿ ಆರಂಭವಾದ ಈ ಧಾರಾವಾಹಿಗೆ ಆ ಸಾಲಿನ ಪೀಬಾಡಿ ಪ್ರಶಸ್ತಿ ದೊರೆಯಿತು. 2020ರಲ್ಲಿ ಅಮೆರಿಕದ ಟಿ.ವಿ. ವಿಮರ್ಶಕರ ಸಂಘವೂ ಮಕ್ಕಳ ವಿಭಾಗದಲ್ಲಿ ಇದನ್ನೇ ಆರಿಸಿತು.

ಪೀಬಾಡಿ ಪ್ರಶಸ್ತಿಯ ಬಗ್ಗೆ ಎರಡು ಮಾತು ಹೇಳಬೇಕು. ಎಮ್ಮಿಯಷ್ಟು ಇದರ ಹೆಸರು ನಮ್ಮಲ್ಲಿ ಕೇಳಿಬರುವುದಿಲ್ಲ. ಜಾರ್ಜಿಯಾ ವಿಶ್ವವಿದ್ಯಾನಿಲಯ ನಡೆಸುವ ಈ ಪ್ರಶಸ್ತಿ 1941ರಿಂದ ನಡೆದುಬಂದಿದೆ. ಇಷ್ಟು ವಿಭಾಗ, ವಿಭಾಗಕ್ಕೊಬ್ಬ ವಿಜೇತ ಎಂಬ ಲೆಕ್ಕ ಇಲ್ಲಿಲ್ಲ. ತೀರ್ಪುಗಾರರೆಲ್ಲರೂ ಒಮ್ಮತದಿಂದ ಒಪ್ಪಿದರೆ ಮಾತ್ರ ಪ್ರಶಸ್ತಿ. ಯಾರಿಗೆ ಹೆಚ್ಚು ವೀಕ್ಷಕರಿದ್ದಾರೆ ಎಂಬುದಕ್ಕಿಂತ ಈ ಕಥೆಯನ್ನು ಹೇಳುವ ಅಗತ್ಯವಿತ್ತೇ ಎಂಬುದನ್ನು ಅವರು ನೋಡುತ್ತಾರೆ. ಹೆಣ್ಣುಮಕ್ಕಳ ಶಾಲೆ ಮುಚ್ಚಿಸಲು ಬಂದವರನ್ನು ಪುಸ್ತಕ ಮತ್ತು ಲೇಖನಿಗಳಿಂದ ಎದುರಿಸುವ ಶಿಕ್ಷಕಿಯ ಕಥೆಯಾದ ಪಾಕಿಸ್ತಾನದ ಕಾರ್ಟೂನ್ ‘ಬುರ್ಖಾ ಅವೆಂಜರ್’ಗೂ 2013ರ ಸಾಲಿನಲ್ಲಿ ಇದೇ ಗೌರವ ಸಂದಿತ್ತು.

ಹಾಗಾದರೆ ಮಾಲಿಯ ಕಥೆಯಲ್ಲಿ ಅಂಥದ್ದೇನಿದೆ? ಮೇಲುನೋಟಕ್ಕೆ ಏನೂ ಇಲ್ಲ. ಮಾಲಿ ಹತ್ತು ವರ್ಷದ ಹುಡುಗಿ. ಅಲಾಸ್ಕಾದ ಕೈಯಾ ಎಂಬ ಕಾಲ್ಪನಿಕ ಹಳ್ಳಿಯಲ್ಲಿ ಅವಳ ತಂದೆತಾಯಿಗೆ ಒಂದು ಅಂಗಡಿ. ಉಪ್ಪಿನಿಂದ ಹಿಡಿದು ದೋಣಿಯ ಸಾಮಾನಿನವರೆಗೆ ಎಲ್ಲ ಸಿಗುವ, ಊರಿನವರು ಹರಟೆಗೆ ಕೂಡುವ ಅಂಗಡಿ. ನಮ್ಮ ಹಳ್ಳಿಗಳ ಜಿನಸಿನ ಅಂಗಡಿಗಳನ್ನು ಬಲ್ಲವರಿಗೆ ಅದು ಪರಿಚಿತ ಜಾಗವೇ. ಮೀನು ಹಿಡಿಯುವುದು, ಸೊಳ್ಳೆಕಾಟ, ಹುಟ್ಟುಹಬ್ಬ, ನಾಯಿಬಂಡಿ, ಹೀಗೆ ಸಣ್ಣಪುಟ್ಟ ಸಂಗತಿಗಳೇ ಕಥೆಗಳು. ಅರ್ಧ ಗಂಟೆಯಲ್ಲಿ ಹನ್ನೊಂದು ನಿಮಿಷದ ಎರಡು ಕಥೆಗಳು. ನಡುವೆ ಅಲಾಸ್ಕಾದ ನಿಜವಾದ ಮಕ್ಕಳ ಒಂದು ಕಿರುಚಿತ್ರ. ಚಿತ್ರಗಳ ಮಟ್ಟವೂ ಸಾಧಾರಣವೇ ಎಂದು ನನ್ನ ಅನಿಸಿಕೆ. ದೊಡ್ಡ ಕಂಪೆನಿಗಳ ಬೆರಗುಗೊಳಿಸುವ ಚಿತ್ರಗಳನ್ನು ನೋಡಿ ಅಭ್ಯಾಸವಾದ ಮಕ್ಕಳಿಗೆ ಇದು ಸಪ್ಪೆಯೆನಿಸಿದರೂ ಆಶ್ಚರ್ಯವಿಲ್ಲ.

ಆದರೆ ಮಾಲಿ ಅಲಾಸ್ಕಾದ ಮೂಲನಿವಾಸಿ ಹುಡುಗಿ. ಅಥಾಬಾಸ್ಕನ್ ಜನಾಂಗದ ಗ್ವಿಚಿನ್, ಕೊಯುಕಾನ್, ಡೆನೈನಾ ಎಂಬ ಮೂರು ಕುಲಗಳ ರಕ್ತ ಅವಳದ್ದು. ಅಮೆರಿಕದಾದ್ಯಂತ ಪ್ರಸಾರವಾಗುವ ಮಕ್ಕಳ ಕಾರ್ಯಕ್ರಮವೊಂದರ ಮುಖ್ಯ ಪಾತ್ರ ಅಲಾಸ್ಕಾದ ಮೂಲನಿವಾಸಿಯಾದದ್ದು ಅದೇ ಮೊದಲು. ಅಷ್ಟರವರೆಗೆ ಆ ಜನರ ಮಕ್ಕಳು ಟಿ.ವಿ.ಯಲ್ಲಿ ನೋಡುತ್ತಿದ್ದ ತಮ್ಮ ಜನವೆಂದರೆ ತಲೆಗೆ ಗರಿ ಸಿಕ್ಕಿಸಿಕೊಂಡು ಕುದುರೆಯ ಮೇಲೆ ಕೂಗುತ್ತಾ ಬರುವವರು ಮಾತ್ರ. ಮಾಲಿ ಕೈಯಲ್ಲಿ ಮೊಬೈಲ್ ಹಿಡಿದು ತನ್ನ ಊರಿನ ವಿಡಿಯೋ ಮಾಡುತ್ತಾಳೆ.

ಈ ಧಾರಾವಾಹಿಯನ್ನು ಕಲ್ಪಿಸಿದ ಡೊರೊತಿಯಾ ಗಿಲಿಮ್ ಮತ್ತು ಕ್ಯಾಥಿ ವಾ ಇಬ್ಬರೂ ಮೂಲನಿವಾಸಿಗಳಲ್ಲ. ಅಂಗಡಿಯವರ ಮಗಳೊಬ್ಬಳ ಕಥೆ ಮಾಡಬೇಕೆಂದು ಅವರು ಹೊರಟದ್ದು. ಆ ಅಂಗಡಿ ಅಲಾಸ್ಕಾಕ್ಕೆ ಹೋದಾಗ, ಅಲ್ಲಿಯವರನ್ನು ಕೇಳದೆ ಅಲ್ಲಿಯ ಕಥೆ ಹೇಳುವಂತಿಲ್ಲ ಎಂಬುದು ಅವರಿಗೆ ಹೊಳೆದದ್ದು ದೊಡ್ಡ ಮಾತು. ಬಾಸ್ಟನ್ನಿನ ಜಿಬಿಎಚ್ ಸಂಸ್ಥೆ ಅಲಾಸ್ಕಾದ ಮೂಲನಿವಾಸಿಗಳ ಸಲಹಾ ಬಳಗವೊಂದನ್ನು ಕಟ್ಟಿತು. ನೀಟ್ಸಾಯಿ ಗ್ವಿಚಿನ್ ಜನಾಂಗದ ಪ್ರಿನ್ಸೆಸ್ ಡಾಝ್ರಾಯಿ ಜಾನ್ಸನ್ ಸೃಜನಾತ್ಮಕ ನಿರ್ಮಾಪಕಿಯಾದರು. ಮಾಲಿಯ ದನಿ ಸಾವರಿನ್ ಬಿಲ್ ಎಂಬ ಬಾಲೆಯದು, ಅವಳೂ ಮೂಲನಿವಾಸಿ. ಬರವಣಿಗೆ, ಸಂಗೀತ, ದನಿ, ಭಾಷಾ ಸಲಹೆ ಎಲ್ಲ ಸೇರಿ ಮೂಲನಿವಾಸಿ ಸಮುದಾಯಗಳ ಅರುವತ್ತಕ್ಕೂ ಹೆಚ್ಚು ಮಂದಿ ಇದರಲ್ಲಿ ದುಡಿದಿದ್ದಾರೆ. ಒಂದು ಜನಾಂಗದ ಬಗ್ಗೆ ಕಾರ್ಯಕ್ರಮ ಮಾಡುವಾಗ ಆ ಜನರನ್ನು ಕೊನೆಗೆ ಕರೆದು ವೇಷಭೂಷಣ ಸರಿಯಿದೆಯೇ ಎಂದು ಕೇಳುವುದು ವಾಡಿಕೆ. ನಮ್ಮ ಊರಿನ ಸಾಂಸ್ಕೃತಿಕ ಕಾರ್ಯಕ್ರಮಗಳಲ್ಲಿ ಕೊರಗರ ಕುಣಿತವನ್ನು ಬೇರೆಯವರೇ ಮುಖಕ್ಕೆ ಮಸಿ ಬಳಿದುಕೊಂಡು ಕುಣಿದದ್ದನ್ನು ನೋಡಿದವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ.

ಕಲಿಕೆಯ ದೃಷ್ಟಿಯಿಂದಲೂ ಇದು ಬರಿಯ ಮಾತಲ್ಲ. ನಕ್ಷೆ, ಪಾಕವಿಧಾನ, ಪಟ್ಟಿ, ಫೋಟೋದ ಕೆಳಗಿನ ಬರಹ, ಹಿರಿಯರ ಬಾಯಿಮಾತು, ಇವುಗಳಿಂದ ಮಾಹಿತಿ ತೆಗೆದು ಒಂದು ತೊಂದರೆಯನ್ನು ಬಿಡಿಸುವುದನ್ನು ಪುಟ್ಟ ಮಕ್ಕಳಿಗೆ ಕಲಿಸುವುದು ಇದರ ಉದ್ದೇಶ. ಕಡಿಮೆ ಆದಾಯದ ಕುಟುಂಬಗಳ, ಒಂದನೇ ತರಗತಿಯ 263 ಮಕ್ಕಳನ್ನು ಒಳಗೊಂಡ ಎರಡು ಅಧ್ಯಯನಗಳಲ್ಲಿ, ಒಂಬತ್ತು ವಾರ ಇದರ ವಿಡಿಯೋ ಮತ್ತು ಆಟಗಳನ್ನು ಬಳಸಿದ ಮಕ್ಕಳು ಈ ವಿಷಯದಲ್ಲಿ ಉಳಿದವರಿಗಿಂತ ಸುಮಾರು ಮೂರು ತಿಂಗಳ ಕಲಿಕೆಯಷ್ಟು ಮುಂದಿದ್ದರು. ಇಷ್ಟೆಲ್ಲ ಇದ್ದೂ ಹಣ ನಿಂತಿತು. ಪ್ರಶಸ್ತಿ ಫಲಕವನ್ನು ಅಡವಿಟ್ಟು ಮುಂದಿನ ಕಂತು ತೆಗೆಯಲಾಗುವುದಿಲ್ಲವಲ್ಲ! ಅಲಾಸ್ಕಾದ ಹಳ್ಳಿಗಾಡಿನ ಪ್ರಸಾರ ಕೇಂದ್ರಗಳಿಗೆ ಬಿದ್ದ ಪೆಟ್ಟು ಇನ್ನೂ ಜೋರು. ರಸ್ತೆಯಿಲ್ಲದ ಊರುಗಳಿಗೆ ಹವಾಮಾನದ ಎಚ್ಚರಿಕೆ ತಲುಪಿಸುವವರೂ ಅವರೇ.

ಈಗ ಮೊದಲ ದಿನವೇ ಪ್ರಸಾರವಾದ ‘ಅಜ್ಜನ ಡೋಲು’ ಎಂಬ ಕಥೆಗೆ ಬರೋಣ.

ಮಾಲಿಗೆ ಹಳೆಯದೊಂದು ಫೋಟೋ ಸಿಗುತ್ತದೆ. ಅದರಲ್ಲಿ ಬಾಲಕನಾಗಿದ್ದ ಅಜ್ಜ ನ್ಯಾಟ್ ಡೋಲು ಬಾರಿಸುತ್ತಾ ಹಾಡುತ್ತಿದ್ದಾನೆ. ಮಾಲಿಗೆ ಅಚ್ಚರಿ. ಅಜ್ಜ ಹಾಡಿದ್ದನ್ನು ಅವಳು ಒಮ್ಮೆಯೂ ಕೇಳಿಲ್ಲ. ಡೋಲನ್ನು ಕೊಟ್ಟುಬಿಟ್ಟಾಗ ನನ್ನ ಹಾಡುಗಳೂ ಹೋದವು ಎಂಬರ್ಥದಲ್ಲಿ ಅಜ್ಜ ಉತ್ತರಿಸುತ್ತಾನೆ. ಫೋಟೋದಲ್ಲಿನ ಸುಳಿವುಗಳನ್ನು ಹಿಡಿದು ಮಾಲಿ ಮತ್ತು ಅವಳ ಗೆಳೆಯ ಟೂಯಿ ಆ ಡೋಲನ್ನು ಹುಡುಕಿ ಹೊರಡುತ್ತಾರೆ. ಅಜ್ಜನ ಬಾಲ್ಯದ ಗೆಳತಿಯೊಬ್ಬಳಿಂದ ನಿಜ ತಿಳಿಯುತ್ತದೆ. ಚಿಕ್ಕಂದಿನಲ್ಲಿ ಅವರನ್ನು ದೂರದ ವಸತಿ ಶಾಲೆಗೆ ಕಳಿಸಿದ್ದರು. ಅಲ್ಲಿ ತಮ್ಮ ಜನರ ಹಾಡುಗಳನ್ನು ಹಾಡಕೂಡದೆಂದು ಹೇಳಿದ್ದರು. ಅಂದಿನಿಂದ ಅಜ್ಜ ಹಾಡಲಿಲ್ಲ.

ಇಷ್ಟೇ. ಶಾಲೆಯನ್ನು ಯಾರು ನಡೆಸುತ್ತಿದ್ದರು ಎಂದು ಕಥೆ ಹೇಳುವುದಿಲ್ಲ. ಹೊಡೆತವಿಲ್ಲ, ಕತ್ತಲ ಕೋಣೆಯಿಲ್ಲ, ಖಳನಾಯಕನಿಲ್ಲ. ಐದಾರು ವರ್ಷದ ಮಗುವಿಗೆ ಎಷ್ಟು ಹೇಳಬಹುದೋ ಅಷ್ಟನ್ನೇ ಹೇಳಿ, ಡೋಲು ಅಜ್ಜನ ಕೈಗೆ ಮರಳಿ, ಅಜ್ಜ ಮತ್ತು ಮೊಮ್ಮಗಳು ಒಟ್ಟಿಗೆ ಹಾಡುವಲ್ಲಿಗೆ ಕಥೆ ಮುಗಿಯುತ್ತದೆ. ಪ್ರಶಸ್ತಿ ಬಂದದ್ದು ಇಡೀ ಧಾರಾವಾಹಿಗೆ ನಿಜ. ಆದರೆ ಈ ಹನ್ನೊಂದು ನಿಮಿಷಗಳಿಲ್ಲದಿದ್ದರೆ ಅದು ಹಲವು ಒಳ್ಳೆಯ ಕಾರ್ಟೂನ್‌ಗಳಲ್ಲಿ ಒಂದಾಗಿರುತ್ತಿತ್ತು.

ಕಥೆ ಹೆಸರಿಸದ್ದನ್ನು ಇತಿಹಾಸ ಹೆಸರಿಸುತ್ತದೆ. 1867ರಲ್ಲಿ ಅಮೆರಿಕವು ಅಲಾಸ್ಕಾವನ್ನು ರಷ್ಯಾದಿಂದ ಕೊಂಡ ಮೇಲೆ ಅಲ್ಲಿನ ಶಾಲೆಗಳ ಕೆಲಸದ ದೊಡ್ಡ ಪಾಲು ವಿವಿಧ ಕ್ರೈಸ್ತ ಪಂಗಡಗಳ ಕೈಗೆ ಬಂತು. ಕಥೋಲಿಕರ ಪಾಲಿಗೆ ಬಂದ ಪ್ರದೇಶಗಳಲ್ಲಿ ಯೂಕಾನ್ ನದಿಯ ಕೆಳದಂಡೆಯೂ ಒಂದು. 1888ರಲ್ಲಿ ಯೇಸುಸಭೆಯ ಗುರುಗಳು ಮತ್ತು ಸಂತ ಅನ್ನಮ್ಮನವರ ಧರ್ಮಭಗಿನಿಯರು ಹೋಲಿ ಕ್ರಾಸ್ ಎಂಬಲ್ಲಿ ಮಿಶನ್ ಮತ್ತು ವಸತಿ ಶಾಲೆ ತೆರೆದರು. ಹಿಮದಲ್ಲಿ, ಹಸಿವಿನಲ್ಲಿ, ರೋಗರುಜಿನಗಳ ನಡುವೆ ಅವರು ಅನಾಥ ಮಕ್ಕಳನ್ನು ಸಾಕಿದರು. ಇದನ್ನು ಮರೆಯುವುದು ಅನ್ಯಾಯ. ಮಕ್ಕಳ ಭಾಷೆ ಬಿಡಿಸುವುದೇ ನಾಗರಿಕತೆಯೆಂದು ಆ ಕಾಲದ ಸರಕಾರವೂ ಸಭೆಗಳೂ ನಂಬಿದ್ದವು. ಇದನ್ನು ಮರೆಯುವುದೂ ಅಷ್ಟೇ ಅನ್ಯಾಯ.

ಅದು ಅಲಾಸ್ಕಾದ ಕಥೆ ಮಾತ್ರವಲ್ಲ. ಅಮೆರಿಕ ಸರಕಾರವೇ 2022 ಮತ್ತು 2024ರಲ್ಲಿ ಹೊರತಂದ ವರದಿಗಳ ಪ್ರಕಾರ 1819ರಿಂದ 1969ರ ನಡುವೆ ಇಂತಹ 417 ಶಾಲೆಗಳಿಗೆ ಸರಕಾರದ ಬೆಂಬಲವಿತ್ತು. ಕನಿಷ್ಠ 973 ಮಕ್ಕಳು ಅವುಗಳಲ್ಲಿ ತೀರಿಕೊಂಡರು. ಅಲಾಸ್ಕಾದಲ್ಲಿ ಹೈಸ್ಕೂಲು ಓದಬೇಕಾದ ಹಳ್ಳಿಯ ಮಕ್ಕಳು 1970ರ ದಶಕದಲ್ಲೂ ಮನೆ ಬಿಟ್ಟು, ಕೆಲವರು ಸಾವಿರಾರು ಮೈಲು ದೂರದ ಒರೆಗಾನ್, ಒಕ್ಲಹೋಮಾಗಳಿಗೆ ಹೋಗಬೇಕಿತ್ತು. ಮಾಲಿ ಹೂಚ್ ಎಂಬ ಯುಪಿಕ್ ಹುಡುಗಿಯ ಹೆಸರಿನಲ್ಲಿ ನಡೆದ ಮೊಕದ್ದಮೆ 1976ರಲ್ಲಿ ರಾಜಿಯಾದ ಮೇಲೆಯೇ ಹಳ್ಳಿಹಳ್ಳಿಗಳಲ್ಲಿ ಹೈಸ್ಕೂಲುಗಳು ಎದ್ದವು.

2022ರ ಜುಲೈ 25ರಂದು ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಕೆನಡಾದ ಆಲ್ಬರ್ಟಾ ಪ್ರಾಂತದ ಮಸ್ಕ್ವಾಚಿಸ್‌ಗೆ ಹೋಗಿ, ಕಥೋಲಿಕರು ನಡೆಸಿದ್ದ ವಸತಿ ಶಾಲೆಯೊಂದಿದ್ದ ನೆಲದಲ್ಲಿ ಕ್ಷಮೆ ಯಾಚಿಸಿದರು. ಗಾಲಿಕುರ್ಚಿಯಲ್ಲಿದ್ದ ಅವರ ಎದುರಿಗೆ ಮೂಲನಿವಾಸಿ ಮಹಿಳೆಯೊಬ್ಬರು ಯಾರೂ ಕರೆಯದೆಯೇ ಎದ್ದುನಿಂತು, ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿರಲು ತನ್ನ ಕ್ರೀ ಭಾಷೆಯಲ್ಲಿ ಹಾಡಿದರು. ರಾಗ ಕೇಳಿ ಅನೇಕರು ಅದು ರಾಷ್ಟ್ರಗೀತೆಯೆಂದು ಭಾವಿಸಿದರು. ಅವರು ಹಾಡಿದ್ದು ತಮ್ಮ ಜನರ ಹಕ್ಕಿನ ಮಾತನ್ನು. ಧಾರಾವಾಹಿಯಲ್ಲಿ ಅಜ್ಜ ನ್ಯಾಟ್‌ನ ದನಿಯಾದ ನಟ ಲಾರ್ನ್ ಕಾರ್ಡಿನಲ್ ಅದೇ ಆಲ್ಬರ್ಟಾದ ಕ್ರೀ ಜನಾಂಗದವರು. ಕಾರ್ಟೂನಿನ ಅಜ್ಜ ಹಾಡಿದ್ದು 2019ರಲ್ಲಿ. ಕ್ಷಮಾಯಾಚನೆ ನಡೆದದ್ದು ಮೂರು ವರ್ಷದ ಬಳಿಕ. ಅಮೆರಿಕದ ಧರ್ಮಾಧ್ಯಕ್ಷರು ತಮ್ಮ ಪಾಲಿನ ಕ್ಷಮೆ ಕೇಳಿದ್ದು 2024ರ ಜೂನ್‌ನಲ್ಲಿ. ಸಭೆಯ ದೊಡ್ಡವರಿಗಿಂತ ಮೊದಲು ಮಕ್ಕಳ ಕಾರ್ಯಕ್ರಮವೊಂದು ಇದನ್ನು ಮನೆಮನೆಗೆ ಮುಟ್ಟಿಸಿತು ಎಂಬುದನ್ನು ಒಪ್ಪಿಕೊಳ್ಳಲು ನಾವು ಹಿಂಜರಿಯಬೇಕಾಗಿಲ್ಲ.

ಆದರೆ ಅದೇ ಯೂಕಾನ್ ದಂಡೆಯಲ್ಲಿ ಇನ್ನೊಂದು ಕಥೆಯೂ ಇದೆ. 1898ರಲ್ಲಿ ಅಲ್ಲಿಗೆ ಹೋದ ಯೇಸುಸಭೆಯ ಗುರು ಜೂಲ್ಸ್ ಜೆಟ್ಟೆ ಕೊಯುಕಾನ್ ಜನರ ನಡುವೆ ಕುಳಿತು ಅವರ ಮಾತು, ಕಥೆ, ಒಗಟುಗಳನ್ನು ವರ್ಷಗಟ್ಟಲೆ ಬರೆದುಕೊಂಡರು. ಅವರು 1927ರಲ್ಲಿ ತೀರಿಕೊಂಡಾಗ ಹಸ್ತಪ್ರತಿ ಹಾಗೆಯೇ ಉಳಿಯಿತು. ಎಲಿಜಾ ಜೋನ್ಸ್ ಎಂಬ ಕೊಯುಕಾನ್ ಮಹಿಳೆ ಅದನ್ನು ಕೈಗೆತ್ತಿಕೊಂಡು ದುಡಿದರು. ಕಡೆಗೆ 2000ದಲ್ಲಿ ಇಬ್ಬರ ಹೆಸರಿನಲ್ಲಿ ಸಾವಿರಕ್ಕೂ ಮಿಕ್ಕಿ ಪುಟಗಳ ಕೊಯುಕಾನ್ ನಿಘಂಟು ಪ್ರಕಟವಾಯಿತು. ಮಾಲಿಯ ಕುಲಗಳಲ್ಲಿ ಒಂದರ ಭಾಷೆ ಅದು. ‘ಡೆನಾಲಿ’ ಎಂಬ ಪರ್ವತದ ಹೆಸರೂ ಅದೇ ಭಾಷೆಯದು. ‘ಎತ್ತರದ್ದು’ ಎಂದು ಅರ್ಥ. 2015ರಲ್ಲಿ ಅಧಿಕೃತವಾಗಿದ್ದ ಆ ಹೆಸರನ್ನು 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಮತ್ತೆ ಮೆಕಿನ್ಲೆ ಎಂದು ಬದಲಿಸಿದರು. ಕಾರ್ಟೂನಿನ ಹೆಸರು ಮಾತ್ರ ಬದಲಾಗಲಿಲ್ಲ.

ಹೀಗೆ ಒಂದೇ ನದಿಯ ದಂಡೆಯಲ್ಲಿ ಸಭೆಯ ಒಂದು ಕೈ ಮಕ್ಕಳ ಬಾಯಿ ಮುಚ್ಚಿತು, ಇನ್ನೊಂದು ಕೈ ಅವರ ಮಾತನ್ನು ಬರೆದಿಟ್ಟಿತು. ನಮಗಿದು ಹೊಸತಲ್ಲ. ಗೋವೆಯ ರಾಚೋಲಿನಲ್ಲಿ 1640ರಲ್ಲಿ ಕೊಂಕಣಿಯ ವ್ಯಾಕರಣ ಅಚ್ಚಾಯಿತು. ಬರೆದವರು ಯೇಸುಸಭೆಯ ಥಾಮಸ್ ಸ್ಟೀಫನ್ಸ್. 1684ರಲ್ಲಿ ಅದೇ ಗೋವೆಯ ಪೋರ್ಚುಗೀಸ್ ವೈಸರಾಯ್, ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕೆಂದು ಆಜ್ಞೆ ಹೊರಡಿಸಿದ. 1736ರಲ್ಲಿ ಇನ್‌ಕ್ವಿಸಿಶನ್ನಿನ ಶಾಸನ ಮದುವೆಮನೆಯ ನಾಡ ಹಾಡುಗಳನ್ನೂ ನಿಷೇಧಿಸಿತು. ನಮ್ಮ ಕರಾವಳಿಯ ಕಥೋಲಿಕರ ಹಿರಿಯರಲ್ಲಿ ಬಹಳಷ್ಟು ಮಂದಿ ಆ ಶತಮಾನಗಳಲ್ಲೇ ದಕ್ಷಿಣಕ್ಕೆ ಬಂದವರು. ಹೋಲಿ ಕ್ರಾಸ್ ಮಿಶನ್ ಶುರುವಾಗುವ ಐದಾರು ವರ್ಷ ಮೊದಲು, 1882 ಮತ್ತು 1883ರಲ್ಲಿ, ಮಂಗಳೂರಿನಲ್ಲಿ ಯೇಸುಸಭೆಯ ಆಂಜೆಲೊ ಮಫೇಯಿಯವರ ಕೊಂಕಣಿ ವ್ಯಾಕರಣ ಮತ್ತು ನಿಘಂಟು ಹೊರಬಂದವು. ಅಚ್ಚು ಹಾಕಿದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಮುದ್ರಣಾಲಯ. ಆ ಕಾಲಕ್ಕೆ ಅದೂ ಒಂದು ಸೌಹಾರ್ದವೇ.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಅಲಾಸ್ಕಾದ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಒಯ್ದರು. ನಮ್ಮ ಶಾಲೆಗಳಿಗೆ ಸೀಟು ಸಿಗಲೆಂದು ತಂದೆತಾಯಿ ತಾವೇ ಮುಂಜಾನೆಯಿಂದ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಶಾಲೆಗಳು ಕರಾವಳಿಯ ಹೆಣ್ಣುಮಕ್ಕಳಿಗೆ, ಬಡವರಿಗೆ, ಎಲ್ಲ ಜಾತಿಮತದವರಿಗೆ ಅಕ್ಷರ ಕೊಟ್ಟವು. ಇಂಗ್ಲಿಷಿನಿಂದ ಬಂದ ಅನ್ನವನ್ನು ಅಲ್ಲಗಳೆಯುವುದು ಯಾರಿಂದಲೂ ಆಗದು. ಆದರೂ ಇಂಗ್ಲಿಷ್ ಮಾಧ್ಯಮ ಶಾಲೆಗಳ ಅಂಗಳದಲ್ಲಿ ತುಳು, ಕೊಂಕಣಿ, ಕನ್ನಡ ಮಾತನಾಡಿದ್ದಕ್ಕೆ ದಂಡ ಕಟ್ಟಿದವರು, ಬೆಂಚಿನ ಮೇಲೆ ನಿಂತವರು ನಮ್ಮ ನಡುವೆ ಬಹಳ ಜನ ಇದ್ದಾರೆ. ಅವರಲ್ಲಿ ಅನೇಕರು ಅದನ್ನು ನಗುತ್ತಾ ಹೇಳಿಕೊಳ್ಳುತ್ತಾರೆ. ತಮ್ಮ ಮಕ್ಕಳೊಂದಿಗೆ ಮನೆಯಲ್ಲೂ ಇಂಗ್ಲಿಷನ್ನೇ ಆಡುತ್ತಾರೆ. ದಂಡ ಹಾಕಿದ ಶಿಕ್ಷಕರು ಕೆಟ್ಟವರಾಗಿರಲಿಲ್ಲ. ಮಕ್ಕಳ ಒಳಿತಿಗೆಂದೇ ಮಾಡಿದರು. ಹೋಲಿ ಕ್ರಾಸಿನ ಧರ್ಮಭಗಿನಿಯರೂ ಹಾಗೆಯೇ ತಿಳಿದಿದ್ದರು. ನನಗೆ ಈ ಕಥೆಯಲ್ಲಿ ಚುಚ್ಚುವ ಜಾಗ ಇದುವೇ.

ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. ತುಳು ಇನ್ನೂ ಹೊರಗಿದೆ. ಎರಡನ್ನೂ ಕರ್ನಾಟಕದ ಶಾಲೆಗಳಲ್ಲಿ ತೃತೀಯ ಭಾಷೆಯಾಗಿ ಕಲಿಯಲು ಅವಕಾಶವಿದೆ. ಆದರೆ ಭಾನುವಾರ ಕೊಂಕಣಿ ಬಲಿಪೂಜೆಗೆ ಬಂದ ಮಗು ದೇವಾಲಯದ ಮೆಟ್ಟಿಲಿಳಿಯುತ್ತಲೇ ಅಜ್ಜಿಯೊಂದಿಗೆ ಇಂಗ್ಲಿಷಿನಲ್ಲಿ ಮಾತಿಗಿಳಿಯುವುದನ್ನು ಯಾವ ಧರ್ಮಕೇಂದ್ರದಲ್ಲಾದರೂ ನೋಡಬಹುದು. ಅಜ್ಜಿ ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ.

ನಮ್ಮಲ್ಲೂ ಒಂದು ಡೋಲು ಇದೆ, ಗುಮಟ್. ಮಣ್ಣಿನ ಮಡಕೆಯ ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ವನ್ಯಜೀವಿ ಕಾನೂನಿನಿಂದ ಅದು ನಿಂತು ಈಗ ಆಡಿನ ಚರ್ಮ. ಮಾಲಿಯ ಅಜ್ಜ ಹಾಡಿದ ಅದೇ 2019ರಲ್ಲಿ ಗೋವಾ ಸರಕಾರ ಇದನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ಮಂಗಳೂರಿನ ಮಾಂಡ್ ಸೊಭಾಣ್ ಬಳಗ 2008ರ ಜನವರಿಯಲ್ಲಿ ನಲುವತ್ತು ಗಂಟೆ ಬಿಡದೆ ಕೊಂಕಣಿ ಹಾಡಿ ಗಿನ್ನೆಸ್ ದಾಖಲೆಗೆ ಸೇರಿದ್ದು ಓದುಗರಿಗೆ ನೆನಪಿರಬಹುದು. ವೇದಿಕೆಯ ಮೇಲೆ ಗುಮಟ್ ಉಳಿದಿದೆ. ಮನೆಯಂಗಳದ ರೋಸಿನಲ್ಲಿ ಮಾತ್ರ ಡಿ.ಜೆ. ಬಂದಿದೆ. 1736ರ ಶಾಸನಕ್ಕೂ ನಿಲ್ಲಿಸಲಾಗದೆ ನಮ್ಮ ತನಕ ತಲುಪಿದ ವೊವಿಯೊಗಳನ್ನು ಬಾಯಿಪಾಠವಾಗಿ ಬಲ್ಲ ಅಜ್ಜಿಯಂದಿರು ಪ್ರತಿ ವಾರ್ಡಿನಲ್ಲಿ ಒಬ್ಬಿಬ್ಬರಾದರೂ ಸಿಗುತ್ತಾರೆ. ಕ್ರೈಸ್ತ ಶಿಕ್ಷಣ ತರಗತಿಯ ಮಕ್ಕಳು ಮಾಲಿಯಂತೆ ಕೈಯಲ್ಲಿ ಮೊಬೈಲ್ ಹಿಡಿದು ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋಗಿ ಕುಳಿತರೆ, ಅದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.